ಹನುಮಫಲಕ್ಕೆ ಜಾಮೀನು ನಿಂತದ್ದು

ನ್ಯೂಜಿಲೆಂಡಿಗೆ ಹೋಗಿ ಏನು ನೋಡಿ ಬಂದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಂದು ಹಿತ್ತಲು ನೋಡಿದೆ. ಮೂರು ತಿಂಗಳು ಅದನ್ನೇ ನೋಡಿದೆ. ಸಮುದ್ರವೂ ಇತ್ತು, ಕಾರಿನ ಕಿಟಕಿಯಿಂದ ನೋಡಿದೆ. ತುಂಗಭದ್ರಾ ಡ್ಯಾಮು ತುಂಬಿದಾಗ ಹಿನ್ನೀರು ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಗುಡ್ಡಗಳಿದ್ದವು, ತುಂಬ ಹುಲ್ಲು. ಕುರಿಗಳು ಬಹಳ, ಕಾಯುವವರು ಒಬ್ಬರೂ ಇಲ್ಲ. ನೋಡುವ ಜಾಗಗಳ ಬಗ್ಗೆ ನನ್ನಿಂದ ಇಷ್ಟೇ.

ನಾನು ಯಲಬುರ್ಗಾ ಕಡೆಯ ತಳಕಲ್ಲಿನ ದ್ಯಾಮವ್ವ. ಓದು ಬಸ್ಸಿನ ಬೋರ್ಡು ಓದುವಷ್ಟು, ಅದೂ ಕೂದಲು ಬೆಳ್ಳಗಾದ ಮೇಲೆ ಕಲಿತದ್ದು. ಇದನ್ನು ಬರೆಯಲು ಒಂದು ಮಳೆಗಾಲ ಹಿಡಿಯಿತು. ನನಗೆ ಚೆನ್ನಾಗಿ ಬರುವ ಕೆಲಸ ಕ್ರಾಸಿಂಗ್. ಕುಷ್ಟಗಿ ಕಡೆ ಬೀಜದ ಪ್ಲಾಟುಗಳಲ್ಲಿ ಹತ್ತಿ, ಬೆಂಡೆ, ಟೊಮ್ಯಾಟೊ ಹೂವುಗಳಿಗೆ ಸಂಬಂಧ ಕೂಡಿಸುವ ಕೆಲಸ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಎಳೆಗಳನ್ನು ಉಗುರಿನಿಂದ ತೆಗೆದು ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನಿಂದ ಗಂಡು ಹೂವು ತಂದು ಅದರ ಪುಡಿಯನ್ನು ಇದರ ಬಾಯಿಗೆ ಸವರಬೇಕು. ಮೂವತ್ತು ವರ್ಷ ಮಾಡಿದೆ. ಬೆನ್ನು ಬಗ್ಗಿತು, ಕಣ್ಣು ಮಾತ್ರ ಇನ್ನೂ ಸೂಜಿಗೆ ದಾರ ಪೋಣಿಸುತ್ತವೆ.

ನನ್ನ ತಂಗಿ ಶಾಂತವ್ವನ ಮಗಳು ರೇಣುಕಾ ಆ ದೇಶದ ಉತ್ತರದ ತುದಿಯ ಒಂದು ಸಣ್ಣ ಊರಿನಲ್ಲಿ ನರ್ಸು. ಆಕೆಗೆ ಹೆರಿಗೆ ಹತ್ತಿರ ಬಂದಿತ್ತು. ಬಾಣಂತನಕ್ಕೆ ಹೋಗಬೇಕಾದವಳು ತಾಯಿ. ಆದರೆ ವಿಮಾನದ ಮಾತು ಬಂದಾಗಲೆಲ್ಲ ಶಾಂತವ್ವ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡುತ್ತಿದ್ದಳು.

“ಅಕ್ಕ, ನೀನ ಹೋಗು. ನಿನಗ ಅಂಜಿಕಿ ಇಲ್ಲ.”

“ಅಂಜಿಕಿ ಐತಿ. ನಿನ್ಹಂಗ ಓಡಂಗಿಲ್ಲ ಅಷ್ಟ.”

ನಾನು ಹಡೆದವಳಲ್ಲ. ಆದರೆ ನಮ್ಮ ಓಣಿಯ ಅರ್ಧ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು ನಾನೇ. ಹಾಗಾಗಿ ಯಾರೂ ತಕರಾರು ಮಾಡಲಿಲ್ಲ. ಸಂಕ್ರಾಂತಿ ಮುಗಿಸಿ ಹೊರಟೆ.

ವಿಮಾನದ ಕಟ್ಟೆ

ನಾನು ದಾರಿ ತಪ್ಪಬಾರದು ಎಂದು ರೇಣುಕಾ ಅಲ್ಲಿಂದಲೇ ನನ್ನ ಹೆಸರಿಗೆ ಗಾಲಿಕುರ್ಚಿ ಹೇಳಿದ್ದಳು. ವಿಮಾನ ನಿಲ್ಲುವ ಕಡೆ ಹೋದ ಕೂಡಲೇ ಒಬ್ಬ ಹುಡುಗಿ ಕುರ್ಚಿ ತಳ್ಳಿಕೊಂಡು ಬಂದು ಕೂಡು ಎಂದಳು.

“ಕಾಲು ಗಟ್ಟಿ ಅದಾವವ್ವ.”

“ಕೂತ್ಕೊಳ್ಳಿ ಅಜ್ಜಿ, ರೂಲ್ಸು.”

ಆ ಹುಡುಗಿಯ ಕೈ ನೋಡಿದೆ, ನನ್ನ ತೋಳಿನ ಅರ್ಧವಿಲ್ಲ. ಚೀಲ ಕುರ್ಚಿಯಲ್ಲಿ ಕೂಡಿಸಿ ನಾನು ಪಕ್ಕದಲ್ಲಿ ನಡೆದೆ. ವಿಮಾನ ಬದಲಿಸುವ ಊರಿನಲ್ಲೂ ಹಾಗೇ ಮಾಡಿದೆ. ನನ್ನ ಚೀಲದಷ್ಟು ಸುಖವಾಗಿ ಯಾರೂ ಪ್ರಯಾಣ ಮಾಡಿರಲಿಕ್ಕಿಲ್ಲ.

ಅಲ್ಲಿ ಇಳಿದಾಗ ಒಂದು ಗಿಡ್ಡ ನಾಯಿ ಬಂದು ಎಲ್ಲರ ಚೀಲ ಮೂಸಿತು. ನನ್ನ ಚೀಲದ ಹತ್ತಿರ ಬಂದು ಕುಂಡೆ ಊರಿ ಕುಳಿತುಬಿಟ್ಟಿತು. ಎಬ್ಬಿಸಿದರೂ ಏಳದು. ಚೀಲ ಬಿಚ್ಚಿಸಿದರು. ಬಾಣಂತಿಗೆ ಮಾಡಿದ ಅಂಟಿನ ಉಂಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲವನ್ನೂ ಚೀಟಿಯಲ್ಲಿ ಬರೆಸಿಯೇ ತಂದಿದ್ದೆ. ಅವೆಲ್ಲ ಪಾಸಾದವು. ತಳದಲ್ಲಿ ಒಂದು ನಿಂಬೆಹಣ್ಣು ಸಿಕ್ಕಿತು. ತಂಗಿ ಹುಲಿಗಿಗೆ ಹೋಗಿ ಹುಲಿಗೆಮ್ಮನ ಪಾದಕ್ಕೆ ಮುಟ್ಟಿಸಿ ತಂದದ್ದು, ನನಗೆ ಹೇಳದೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಜೊತೆಗೆ ಅಮ್ಮನ ಕುಂಕುಮದ ಭರಣಿಯೂ ಇತ್ತು.

ಅಲ್ಲಿಯ ಸಾಹೇಬ ಕೈಗೆ ರಬ್ಬರಿನ ಗವಸು ಹಾಕಿಕೊಂಡು, ಇಕ್ಕಳದಿಂದ ನಿಂಬೆಹಣ್ಣು ಎತ್ತಿ, ಒಂದು ಸಂಚಿಯಲ್ಲಿಟ್ಟು, ಅದನ್ನು ಇನ್ನೊಂದು ಸಂಚಿಯಲ್ಲಿಟ್ಟು ಒಯ್ದ. ಹುಲಿಗಿಯ ಪೂಜಾರಿ ಕೂಡ ಅದನ್ನು ಅಷ್ಟು ಮಡಿಯಿಂದ ಹಿಡಿದಿರಲಿಕ್ಕಿಲ್ಲ. ಕುಂಕುಮದ ಭರಣಿಯನ್ನು ಮಾತ್ರ ತೆರೆದು ನೋಡಿ ವಾಪಸ್ ಕೊಟ್ಟ. ಅದನ್ನೂ ಇಟ್ಟುಕೊಂಡಿದ್ದರೆ ಮುಂದೆ ನನಗಾದ ಅವಮಾನ ತಪ್ಪುತ್ತಿತ್ತು.

ಬೇಲಿಯ ಆಚೆ

ರೇಣುಕಾಳಿಗೆ ಹೆಣ್ಣು ಕೂಸು ಹುಟ್ಟಿತು. ಅದು ಅವರ ಬೇಸಿಗೆ. ಬೇಸಿಗೆ ಎಂದರು, ನಾನು ಸ್ವೆಟರು ಹಾಕಿಕೊಂಡೆ. ಹಿತ್ತಲ ಮೆಟ್ಟಿಲ ಮೇಲೆ ಬಿಸಿಲು ಬೀಳುವ ಜಾಗ ನೋಡಿ, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಎರಡನೇ ದಿನ ಬೇಲಿಯ ಮೇಲಿಂದ ಒಂದು ಹುಲ್ಲಿನ ಟೊಪ್ಪಿಗೆ ಎದ್ದಿತು. ಅದರ ಕೆಳಗೆ ನನ್ನ ವಯಸ್ಸಿನದೇ ಒಂದು ಬಿಳಿ ಮುಖ. ಕೂಸನ್ನು ನಾನು ತಿರುವಿದ ಕಡೆಗೆಲ್ಲ ಆ ಮುಖವೂ ತಿರುಗುತ್ತಿತ್ತು.

ಆಕೆಯ ಹೆಸರು ಜೋನ್. ಅಷ್ಟು ವಯಸ್ಸಾದವರನ್ನು ಬರೀ ಹೆಸರಿನಿಂದ ಕರೆಯಲು ನಾಲಿಗೆ ಏಳದು, ನಾನು ಜೋನವ್ವ ಎಂದೆ. ಅವಳೂ ಅದಕ್ಕೆ ಓ ಎಂದಳು.

ಆ ಜನರ ಒಂದೆರಡು ರೂಢಿ ಹೇಳುತ್ತೇನೆ. ದೊಡ್ಡ ಅಂಗಡಿಗೆ ಬರಿಗಾಲಲ್ಲಿ ಬರುತ್ತಾರೆ. ಮೊದಲ ಸಲ ಕಂಡಾಗ, ಪಾಪ, ಈ ದೇಶದಲ್ಲೂ ಬಡತನವಿದೆ ಎಂದುಕೊಂಡೆ. ಹೊರಗೆ ಬಂದು ನೋಡಿದರೆ ಆ ಬರಿಗಾಲಿನವನು ಮನೆಯಷ್ಟು ದೊಡ್ಡ ಗಾಡಿ ಹತ್ತಿದ. ಇನ್ನೊಂದು, ಹಿತ್ತಲಲ್ಲಿ ಹೆಚ್ಚಾದ ಹಣ್ಣನ್ನು ಗೇಟಿನ ಮುಂದೆ ಡಬ್ಬಿಯಲ್ಲಿಟ್ಟು ಒಳಗೆ ಹೋಗುತ್ತಾರೆ, ಬೇಕಾದವರು ಒಯ್ಯಬೇಕು. ನಮ್ಮಲ್ಲಿ ಕೊಡುವವರು ತಾವೇ ಬರುತ್ತಾರೆ, ಕಟ್ಟೆಗೆ ಕೂಡುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುವಾಗ ನಮ್ಮ ಕರಿಬೇವು ಮುರಿದುಕೊಂಡು ಹೋಗುತ್ತಾರೆ. ಅಲ್ಲಿ ಡಬ್ಬಿಯಿಂದ ಹಣ್ಣು ತೆಗೆದುಕೊಂಡು ನಾನು ಗೇಟಿನ ಹತ್ತಿರ ಬಹಳ ಹೊತ್ತು ನಿಂತೆ. ಯಾರೂ ಹೊರಗೆ ಬರಲಿಲ್ಲ.

ಜೋನವ್ವನ ಹಿತ್ತಲಿಗೆ ಮಾತ್ರ ನಾನು ಕರೆಯದೆಯೇ ಹೋಗಿಬಿಟ್ಟೆ. ಆ ಹೆಂಗಸು ಅಲ್ಲಿ ಬೆಳೆಯಬಾರದ್ದನ್ನೆಲ್ಲ ಬೆಳೆದಿದ್ದಳು. ಟೊಮ್ಯಾಟೊದಂಥ ಹಣ್ಣಿನ ಮರ. ಅತ್ತಿಯ ಹಾಗೆ ಬೊಡ್ಡೆಗೇ ಕರಿ ಹಣ್ಣು ಅಂಟಿಕೊಂಡ ಗಿಡ, ಹೆಸರು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಚಳಿಗಾಲದಲ್ಲಿ ಹೊದಿಸಲು ಎಂದು ಬಾಳೆಗಿಡಕ್ಕೆ ಕಂಬಳಿ ಹೊಲಿಸಿಟ್ಟಿದ್ದಳು. ಗಾಜಿನ ಕೋಣೆಯೊಳಗೆ ಒಂದು ಮಾವಿನ ಗಿಡ, ಹದಿಮೂರು ವರ್ಷದ್ದು, ನನ್ನ ಎದೆಯೆತ್ತರ. ಒಂದು ಹೂವನ್ನೂ ಬಿಟ್ಟಿರಲಿಲ್ಲ. ಆ ಊರಲ್ಲಿ ಇಂಥ ಹುಚ್ಚಿನವರದೇ ಒಂದು ಸಂಘವಿದೆ. ಕೂಡಿದಾಗ ಒಬ್ಬರ ಹಣ್ಣನ್ನು ಒಬ್ಬರು ರುಚಿ ನೋಡಿ ಚೀಟಿಯಲ್ಲಿ ನಂಬರು ಕೊಡುತ್ತಾರಂತೆ.

ಗರಗಸದ ದಿನ

ಕೂಸಿಗೆ ಹೆಸರಿಟ್ಟ ಮರುದಿನ. ಬೇಲಿಯ ಆಚೆ ಜೋನವ್ವ ಒಂದು ಅಗಲ ಎಲೆಯ ಮರದ ಬುಡದಲ್ಲಿ ಗರಗಸ ಹಿಡಿದು ನಿಂತಿದ್ದಳು. ಮರದ ಮೇಲೆ ಹೂವು ಬಹಳ, ಕಾಯಿ ಒಂದೂ ಇಲ್ಲ. ಆಕೆ ಮರಕ್ಕೆ ಏನೋ ಗೊಣಗುತ್ತಿದ್ದಳು.

ಇದು ನನಗೆ ಗೊತ್ತಿರುವ ಕೆಲಸ. ನಮ್ಮ ಕಡೆ ಕಾಯಿ ಬಿಡದ ಗಿಡಕ್ಕೆ ಅಂಜಿಕೆ ಹಾಕುತ್ತೇವೆ. ಒಬ್ಬರು ಕೊಡಲಿ ಹಿಡಿದು ಬಂದು, “ಇದನ್ನ ಇವತ್ತ ಕಡದ ಬಿಡ್ತೀನಿ” ಎಂದು ಗಿಡಕ್ಕೆ ಕೇಳಿಸುವ ಹಾಗೆ ಹೇಳಿ, ಬುಡಕ್ಕೆ ಕೊಡಲಿ ಮೆಲ್ಲಗೆ ತಾಗಿಸಬೇಕು. ಇನ್ನೊಬ್ಬರು ಓಡಿ ಬಂದು ಗಿಡ ತಬ್ಬಿಕೊಂಡು, ಈ ಸಲ ಬಿಡು, ಬರುವ ಸಲ ಕೊಡುತ್ತದೆ, ನಾನು ಜಾಮೀನು ಎನ್ನಬೇಕು. ಇದು ಆಟವಲ್ಲ. ಜಾಮೀನು ನಿಂತವರು ಆ ಗಿಡ ಕಾಯಿ ಕೊಡುವ ತನಕ ಆ ಜಾತಿಯ ಹಣ್ಣು ಬಾಯಿಗೆ ಇಡುವಂತಿಲ್ಲ. ಒಮ್ಮೆ ಹುಣಸೆಗಿಡಕ್ಕೆ ನಿಂತು ನಾನು ಎರಡು ವರ್ಷ ಟೊಮ್ಯಾಟೊ ಹಾಕಿ ಸಾರು ಮಾಡಿದವಳು.

ಈ ಮುದುಕಿ ನೋಡಿದರೆ ಒಬ್ಬಳೇ ನಿಂತಿದ್ದಾಳೆ. ಬೇಡಿಕೊಳ್ಳುವವರು ಯಾರೂ ಇಲ್ಲ. ಆ ದೇಶದಲ್ಲಿ ಮನುಷ್ಯರೇ ಕಡಿಮೆ. ನನಗೆ ಕನಿಕರ ಬಂತು. ಸೀರೆ ಎತ್ತಿ ಕಟ್ಟಿ ಬೇಲಿ ದಾಟಿದೆ. ಓಡಿಹೋಗಿ ಮರ ತಬ್ಬಿಕೊಂಡೆ.

“ಬ್ಯಾಡ ನನ್ನವ್ವ, ಕಡೀಬ್ಯಾಡ. ಸಣ್ಣದೈತಿ, ತಿಳೀದು. ಈ ಸಲ ಬಿಡು, ಕಾಯಿ ಕೊಡ್ತೈತಿ. ನಾ ಜಾಮೀನು ನಿಂತೀನಿ.”

ಗಿಡಕ್ಕೆ ಕೇಳಿಸಬೇಕಲ್ಲ, ಗಟ್ಟಿಯಾಗಿ ಹೇಳಿದೆ. ಜೋನವ್ವನ ಟೊಪ್ಪಿಗೆ ಹಿಂದಕ್ಕೆ ಬಿತ್ತು. ಗರಗಸವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಆಗ ನೋಡುತ್ತೇನೆ, ತೊಗಟೆ ಒಂದು ಬೆರಳು ಆಳ ಕೊಯ್ದಿದೆ. ಅಂಜಿಸುವುದೆಂದರೆ ಹೀಗಾ? ಇಷ್ಟು ಗಾಯ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ.

ರೇಣುಕಾ ಕೂಸನ್ನು ಎತ್ತಿಕೊಂಡು ಓಡಿ ಬಂದಳು.

“ದೊಡ್ಡವ್ವ, ಏನ್ ಮಾಡಾಕ ಹತ್ತೀ? ಬಿಡು ಆ ಗಿಡಾನ.”

“ಆಕಿ ಒಬ್ಬಾಕೀನ ಅಂಜಸಾಕ ಹತ್ಯಾಳ. ಯಾರಾರ ಬೇಡ್ಕೋಬೇಕಲ್ಲ?”

“ಅಂಜಸಾಕಲ್ಲ. ಆಕಿ ಖರೇನ ಕಡಿಯಾಕ ಹತ್ಯಾಳ.”

ನಾನು ಮರ ಬಿಡಲಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ರೇಣುಕಾ ಒಂದೊಂದೇ ತಿರುಗಿಸಿ ಹೇಳಿದಳು.

“ಒಂಬತ್ತು ವರ್ಷ ಆತಂತ. ಪ್ರತಿ ಬ್ಯಾಸಗಿ ಹೂ ಬಿಡತೈತಿ, ಉದುರತೈತಿ. ಸಂಘದಾಗ ಎಲ್ಲಾರೂ ತಟ್ಟಿ ತುಂಬ ತರ್ತಾರಂತ, ಈಕಿ ಈ ಗಿಡದ್ದು ಒಂದ ಹಣ್ಣೂ ಒಯ್ದಿಲ್ಲಂತ. ಕಾಯಿ ಬಿಡದ ಗಿಡಕ್ಕ ಜಾಗಾ ದಂಡ ಅಂತಾಳ.”

“ಕಾಯಿ ಬಿಡದ್ದನ್ನ ಕಡಿಯೂದಾದ್ರ ನನ್ನ ಯಾವಾಗೋ ಕಡೀಬೇಕಿತ್ತು ಅಂತ ಹೇಳು.”

ಅದನ್ನು ರೇಣುಕಾ ತಿರುಗಿಸಲಿಲ್ಲ. ಜಾಮೀನಿನ ಪದ್ಧತಿಯನ್ನು ಮಾತ್ರ ವಿವರಿಸಿದಳು. ಜೋನವ್ವ ಹುಲ್ಲಿನ ಮೇಲೆ ಕುಳಿತು ಕೇಳಿಸಿಕೊಂಡಳು. ಕೊನೆಗೆ ಒಂದು ಪ್ರಶ್ನೆ ಹಾಕಿದಳು.

“ನೀ ಈ ಹಣ್ಣು ಹುಟ್ಟಿದಾಗಿಂದ ತಿಂದಿಲ್ಲ, ಇನ್ನ ಮುಂದ ತಿನ್ನದಿದ್ರ ನಿನಗೇನು ನಷ್ಟ ಅಂತ ಕೇಳ್ತಾಳ, ದೊಡ್ಡವ್ವ.”

ಮಾತು ಸರಿಯೇ. ಯಾವ ಹಣ್ಣು ಇದು ಎಂದು ಆಗ ಕೇಳಿದೆ. ಜೋನವ್ವ ಒಳಗಿನಿಂದ ಒಂದು ಪುಸ್ತಕ ತಂದು ಚಿತ್ರ ತೋರಿಸಿದಳು. ಹಸಿರು ಹಣ್ಣು, ಮೈಮೇಲೆ ಬೆರಳೊತ್ತಿದ ಹಾಗೆ ಗುರುತು. ಒಳಗೆ ಬಿಳಿ ತಿರುಳು, ಕರಿ ಬೀಜ. ರೇಣುಕಾ ಮೊಬೈಲಿನಲ್ಲಿ ಹುಡುಕಿದಳು.

“ನಮ್ಮ ಕಡೆ ಇದಕ್ಕ ಹನುಮಫಲ ಅಂತಾರಂತ. ಸೀತಾಫಲ, ರಾಮಫಲ, ಇದು ಎಲ್ಲಾ ಒಂದ ಮನೆತನ.”

ಹನುಮಪ್ಪ ಹುಟ್ಟಿದ ಅಂಜನಾದ್ರಿ ಇರುವುದು ನಮ್ಮ ಗಂಗಾವತಿ ಹತ್ತಿರ. ಅವನ ಹೆಸರಿನ ಹಣ್ಣು ಇಲ್ಲಿ ಬಂದು ಬಿಳಿ ಮುದುಕಿಯ ಕೈಯಲ್ಲಿ ಗರಗಸ ತಿನ್ನುತ್ತಿದೆ. ಆದರೆ ನನಗೆ ಆಗ ಹೊಳೆದದ್ದು ಅದಲ್ಲ. ಒಂದೇ ಮನೆತನ ಎಂದರೆ ಒಂದೇ ಜಾತಿ. ಈ ಮರ ಕಾಯಿ ಕೊಡದಿದ್ದರೆ ನನಗೆ ಸೀತಾಫಲ ಬಂದ್. ನಮ್ಮ ಗುಡ್ಡದ ಸೀತಾಫಲ ಬರುವ ಒಂದೂವರೆ ತಿಂಗಳು ನಾನು ಮಧ್ಯಾಹ್ನದ ಊಟ ಮಾಡುವುದಿಲ್ಲ, ಹಣ್ಣೇ ತಿನ್ನುತ್ತೇನೆ. ವರ್ಷದಲ್ಲಿ ನಾನು ಕಾಯುವುದು ಅದೊಂದನ್ನೇ. ಗೊತ್ತಿಲ್ಲದೆ ಅದನ್ನೇ ಒತ್ತೆ ಇಟ್ಟುಬಿಟ್ಟಿದ್ದೆ.

ರೇಣುಕಾ ಇದನ್ನು ತಿರುಗಿಸಿ ಹೇಳಿದಾಗ ಜೋನವ್ವ ಮೊದಲ ಸಲ ನಕ್ಕಳು. ಗರಗಸವನ್ನು ಮರದ ಎದುರಿನ ಕಂಬದ ಮೊಳೆಗೆ ತೂಗು ಹಾಕಿದಳು.

“ಈ ಒಂದ ಬ್ಯಾಸಗಿ ಬಿಡ್ತಾಳಂತ. ಗರಗಸ ಅಲ್ಲೇ ಇರತೈತಿ, ಗಿಡಾನೂ ನೋಡಲಿ, ನಿಮ್ಮ ದೊಡ್ಡವ್ವನೂ ನೋಡಲಿ ಅಂತಾಳ.”

ಕುಂಕುಮದ ಭರಣಿ

ಮರುದಿನದಿಂದ ಕೂಸು ಮಲಗಿದಾಗಲೆಲ್ಲ ನಾನು ಮರದ ಕೆಳಗೆ. ಹೂವು ನೋಡಿದರೆ ಸೀತಾಫಲದ್ದೇ, ಮೂರು ದಪ್ಪ ಎಸಳು. ಎರಡು ದಿನ ಬರೀ ಕುಳಿತು ನೋಡಿದೆ. ಆ ಹೂವಿನ ನಡತೆ ವಿಚಿತ್ರ. ಮೊದಲು ಬಾಯಿ ಅರ್ಧ ತೆರೆದು ಹೆಣ್ಣಾಗಿರುತ್ತದೆ. ಮರುದಿನ ಸಂಜೆಯ ಹೊತ್ತಿಗೆ ಎಸಳು ಅಗಲಿಸಿ ಗಂಡಾಗಿ ಪುಡಿ ಉದುರಿಸುತ್ತದೆ. ಅದೇ ಹೂವು. ಹೆಣ್ಣಾಗಿದ್ದಾಗ ಗಂಡು ಇಲ್ಲ, ಗಂಡಾದಾಗ ಹೆಣ್ಣು ಹೋಗಿರುತ್ತಾಳೆ. ನಮ್ಮ ಗುಡ್ಡದಲ್ಲಿ ಸಣ್ಣ ಹುಳ ಒಳಗೆ ನುಗ್ಗಿ ಈ ಕೆಲಸ ಮಾಡುತ್ತದೆ. ಇಲ್ಲಿ ಆ ಹುಳವೇ ಇಲ್ಲ. ಜೋನವ್ವ ಚಿತ್ರ ಬರೆಯುವ ಕುಂಚ ಹಿಡಿದು ದಿನಾ ಬೆಳಿಗ್ಗೆ ಹತ್ತಕ್ಕೆ ಎಲ್ಲ ಹೂವುಗಳಿಗೂ ಮೂಗು ತಿಕ್ಕಿದ ಹಾಗೆ ತಿಕ್ಕುತ್ತಿದ್ದಳಂತೆ. ಆ ಹೊತ್ತಿಗೆ ಗಂಡು ಎಲ್ಲಿಂದ ಬರಬೇಕು?

“ಒಂಬತ್ತ ವರ್ಷ ಬರೇ ಹೆಣ್ಣಮಕ್ಕಳನ್ನ ಕೂಡಿಸಿ ಲಗ್ನ ಮಾಡ್ಯಾಳ ಅಂತ ಹೇಳು.”

ರೇಣುಕಾ ಹೇಳಿದಳು. ಜೋನವ್ವ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡಳು.

ಉಪಾಯ ಸುಲಭ. ಸಂಜೆ ಗಂಡಿನ ಪುಡಿ ಉದುರಿಸಿ ತಂಪಿನಲ್ಲಿಡುವುದು, ಬೆಳಿಗ್ಗೆ ಹೆಣ್ಣಿನ ಬಾಯಿಗೆ ಮುಟ್ಟಿಸುವುದು. ಪುಡಿ ಇಡಲು ಮುಚ್ಚಳದ ಸಣ್ಣ ಡಬ್ಬಿ ಬೇಕಿತ್ತು. ಹುಲಿಗೆಮ್ಮನ ಕುಂಕುಮವನ್ನು ಕಾಗದಕ್ಕೆ ಸುರಿದು ಭರಣಿಯನ್ನು ಸೆರಗಿನಿಂದ ಒರೆಸಿದೆ. ಅಮ್ಮನ ಭರಣಿ, ಕೆಲಸ ಶುಭವಾಗಲಿ ಎಂಬುದೂ ಮನಸ್ಸಿನಲ್ಲಿತ್ತು. ಅದನ್ನು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಹೂವಿನ ಎಸಳು ಬಿಡಿಸಿ, ಒಂದೊಂದಕ್ಕೂ ಮುಟ್ಟಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಇಪ್ಪತ್ತೊಂದು ಹೂವು. ಕುಷ್ಟಗಿಯಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಕಲಿಸುವ ಹಾಗೆ ಜೋನವ್ವನಿಗೂ ಕಲಿಸಿದೆ, ಕೈಗೆ ಎರಡು ಪೆಟ್ಟೂ ಕೊಟ್ಟೆ. ಆಕೆ ಉಗುರು ಉದ್ದ ಬಿಟ್ಟಿರಲಿಲ್ಲ. ಅದಿಲ್ಲದೆ ಈ ಕೆಲಸವಿಲ್ಲ.

ಮೂರನೇ ದಿನ ಇಪ್ಪತ್ತೊಂದೂ ಕಪ್ಪಾಗಿ ಉದುರಿದವು. ಕೆಂಪು ದಾರಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಜೋನವ್ವ ಗರಗಸಕ್ಕೆ ಎಣ್ಣೆ ಹಚ್ಚಿ ಮತ್ತೆ ಮೊಳೆಗೆ ಹಾಕಿದಳು.

ನಾನು ಆ ದಿನ ಊಟ ಮಾಡಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಪ್ಲಾಟು ಪೂರ್ತಿ ಉದುರಿದ್ದು ನನಗೆ ನೆನಪಿಲ್ಲ. ಸಂಜೆ ಭರಣಿ ತೆರೆದು ಬಿಸಿಲಿಗೆ ಹಿಡಿದೆ. ಪುಡಿ ಹಳದಿ ಇರಬೇಕು, ಕೇಸರಿ ಬಣ್ಣಕ್ಕಿದೆ. ಅಂಚಿನಲ್ಲಿ ಕುಂಕುಮ ಉಳಿದುಕೊಂಡಿತ್ತು. ಕುಂಕುಮ ಮಾಡುವುದು ಅರಿಶಿನಕ್ಕೆ ಸುಣ್ಣ ಬೆರೆಸಿ. ಎಳೆ ಹೂವಿನ ಬಾಯಿಗೆ ನಾನು ಸುಣ್ಣ ಹಚ್ಚಿದ್ದೆ. ಇಪ್ಪತ್ತೊಂದಕ್ಕೂ ಕುಂಕುಮ ಇಟ್ಟು, ಮುತ್ತೈದೆ ಮಾಡಿ, ಕೊಂದುಹಾಕಿದ್ದೆ.

“ಅಮ್ಮಗ ಬ್ಯಾಡಾಗೇತೇನೋ, ದೊಡ್ಡವ್ವ,” ಎಂದಳು ರೇಣುಕಾ.

“ಅಮ್ಮ ಏನ್ ಮಾಡ್ಯಾಳ ಇದರಾಗ? ನಾ ಡಬ್ಬಿ ತೊಳಿಲಿಲ್ಲ.”

ಎರಡನೇ ಸಲ ಕೂಸಿನ ಹಾಲಿನ ಬಾಟಲಿಯ ಮುಚ್ಚಳವನ್ನು ಕುದಿಸಿ, ಒಣಗಿಸಿ ತೆಗೆದುಕೊಂಡೆ. ರೇಣುಕಾ ಬೈದಳು, ಬೈಯಲಿ. ಮರದ ಮೇಲೆ ಕೊನೆಯ ಹೂವುಗಳು ಉಳಿದಿದ್ದವು, ಕೈಗೆ ಎಟುಕುವವು ಹದಿನಾರು. ಕಟ್ಟಿದ ದಾರ ಹದಿನಾರು. ವಾರ ಕಳೆಯಿತು. ಎಸಳು ಉದುರಿದವು. ಏಳು ತೊಟ್ಟುಗಳ ತುದಿಯಲ್ಲಿ ಬಟಾಣಿಯಷ್ಟು ಹಸಿರು ಉಳಿದು, ಮರುವಾರ ಬಾರೆಹಣ್ಣಿನಷ್ಟಾಯಿತು. ಜೋನವ್ವ ಒಂದನ್ನು ಬೆರಳ ತುದಿಯಿಂದ ಮುಟ್ಟಲು ಬಂದಳು. ಕೈಗೆ ಮೂರನೇ ಪೆಟ್ಟು ಕೊಟ್ಟೆ.

ರುಚಿ ನೋಡುವವರು

ಸಂಘದವರು ಆ ತಿಂಗಳು ಜೋನವ್ವನ ಹಿತ್ತಲಿಗೇ ಬಂದರು. ಹತ್ತು ಹನ್ನೆರಡು ಮುದುಕ ಮುದುಕಿಯರು, ಎಲ್ಲರ ತಲೆಗೂ ಟೊಪ್ಪಿಗೆ. ಮೇಜಿನ ಮೇಲೆ ತಟ್ಟೆಗಳು. ಒಂದು ಹಣ್ಣನ್ನು ಹನ್ನೆರಡು ತುಂಡು ಮಾಡುತ್ತಾರೆ, ಒಂದೊಂದಕ್ಕೂ ಕಡ್ಡಿ ಚುಚ್ಚುತ್ತಾರೆ. ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಾರೆ. ನಾನು ಮೊದಲು ದೇವರಿಗೆ ಕೈ ಮುಗಿಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಚೀಟಿಯಲ್ಲಿ ಬರೆಯುತ್ತಾರೆ. ಬಾಯಲ್ಲಿ ಯಾರೂ ಚೆನ್ನಾಗಿಲ್ಲ ಎನ್ನುವುದಿಲ್ಲ.

ಫಿಜೋವಾ ಎಂದು ಒಂದು ಹಣ್ಣು, ಪೇರಲದ ದೂರದ ಸಂಬಂಧಿ. ಆ ಊರಿನವರಿಗೆ ಅದರ ಮೇಲೆ ಜೀವ. ಅಡ್ಡ ಕೊಯ್ದು ಚಮಚದಿಂದ ಕೆರೆದು ತಿನ್ನುತ್ತಾರೆ. ನನಗೂ ಕೊಟ್ಟು ಹೇಗಿದೆ ಎಂದು ಕೇಳಿದರು.

“ಮೈ ಹಚ್ಚೋ ಸೋಪು ತಿಂದಂಗ ಐತಿ.”

ರೇಣುಕಾ ಇಂಗ್ಲಿಷಿನಲ್ಲಿ ಏನೋ ಉದ್ದ ಹೇಳಿದಳು. ಎಲ್ಲರೂ ತಲೆ ಆಡಿಸಿದರು. ಜೋನವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನಂತಾಳ?”

“ನಾ ಹೇಳಿದ್ದು ಬ್ಯಾರೆ, ನಿನ್ನ ಮಾರಿ ಹೇಳಿದ್ದು ಬ್ಯಾರೆ ಅಂತಾಳ.”

“ಹಂಗಾರ ಖರೇದ ಹೇಳು.”

ರೇಣುಕಾ ಕೆಂಪಾಗಿ ಸೋಪಿನ ಮಾತನ್ನು ಹೇಳಿದಳು. ಹಿಂದೆ ನಿಂತಿದ್ದ ಒಬ್ಬ ಮುದುಕ, ತನಗೂ ನ್ಯೂಜಿಲೆಂಡಿಗೆ ಬಂದ ಮೊದಲ ದಿನದಿಂದ ಹಾಗೇ ಅನ್ನಿಸುತ್ತದೆ, ಹೇಳುವ ಧೈರ್ಯವಾಗಿರಲಿಲ್ಲ ಎಂದನಂತೆ. ಅಷ್ಟಾದ ಮೇಲೆ ಎಲ್ಲರೂ ತಮ್ಮ ತಮ್ಮ ತಟ್ಟೆ ಹಿಡಿದು ನನ್ನ ಮುಂದೆ ಸಾಲು ನಿಂತರು. ಟೊಮ್ಯಾಟೊ ಮರದ ಹಣ್ಣು ತಿಂದು ಇದಕ್ಕೆ ಒಗ್ಗರಣೆ ಬೇಕು ಎಂದೆ. ಒಬ್ಬಳು ಹನುಮಫಲದ ಜಾತಿಗೆ ಸೇರದ ಇನ್ನೊಂದು ಬಿಳಿ ತಿರುಳಿನ ಹಣ್ಣು ತಂದು, ಹಾಲು, ಮೊಟ್ಟೆ, ಜೇನು, ಬಾಳೆ ಎಲ್ಲ ಸೇರಿದ ರುಚಿ ಎಂದಳು. ಬಾಳೆಯೊಂದೇ ಸಿಕ್ಕಿತು, ಅದೂ ಮೂರು ದಿನ ಮರೆತದ್ದು. ಬೊಡ್ಡೆಗೆ ಅಂಟಿದ ಕರಿ ಹಣ್ಣು ಮಾತ್ರ ಛಲೋ ಇತ್ತು, ನಮ್ಮ ನೇರಳೆಯ ತಂಗಿಯ ಹಾಗೆ. ಅದನ್ನು ಎರಡನೇ ಸಲ ಕೇಳಿ ತಿಂದೆ. ಅದನ್ನು ತಂದವನು ಕೈಕುಲುಕಿ ಬಿಡಲೇ ಇಲ್ಲ.

ಕೊನೆಗೆ ಎಲ್ಲರೂ ಹನುಮಫಲದ ಮರದ ಸುತ್ತ ನಿಂತು ಏಳು ಕಾಯಿಗಳನ್ನು ಹೊಗಳಿದರು. ಇಪ್ಪತ್ತು ಕಣ್ಣು, ಒಂದೇ ಸಲ. ನನಗೆ ಅದು ಸರಿ ಕಾಣಲಿಲ್ಲ. ಬೆಳಿಗ್ಗೆ ನೋಡಿದರೆ ಎರಡು ಬಿದ್ದಿದ್ದವು. ಜೋನವ್ವನ ಬಾಗಿಲಲ್ಲಿ ಹಳೆಯ ರಬ್ಬರಿನ ಬೂಟು ಇತ್ತು. ಒಂದನ್ನು ತಂದು ನಡುಗೊಂಬೆಗೆ ಕಟ್ಟಿದೆ. ನಮ್ಮಲ್ಲಿ ದೃಷ್ಟಿಗೆ ಚಪ್ಪಲಿ ಕಟ್ಟುತ್ತೇವೆ, ಬೂಟು ಇನ್ನೂ ದೊಡ್ಡದು, ಇನ್ನೂ ಒಳ್ಳೆಯದು. ಜೋನವ್ವ ಬಂದು ನೋಡಿ ಮೆಚ್ಚಿ ತಲೆ ಆಡಿಸಿದಳು. ಅಲ್ಲಿ ರಾತ್ರಿ ಬೆಕ್ಕಿನಷ್ಟು ದೊಡ್ಡ ಪ್ರಾಣಿಯೊಂದು ಕಾಯಿ ತಿನ್ನಲು ಬರುತ್ತದಂತೆ, ಅದನ್ನು ಬೆದರಿಸಲು ಕಟ್ಟಿದ್ದು ಎಂದುಕೊಂಡಳು. ಇನ್ನೊಂದು ಬೂಟನ್ನೂ ತಾನೇ ಕಟ್ಟಿದಳು. ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಐದು ಕಾಯಿ ನಿಂತದ್ದನ್ನು ನೋಡಿ ಯುಗಾದಿಯ ನಂತರ ಹೊರಟು ಬಂದೆ. ಹಣ್ಣಾಗಲು ಇನ್ನೂ ಆರು ತಿಂಗಳು. ಗರಗಸ ಮೊಳೆಯ ಮೇಲೇ ಇತ್ತು.

ಮತ್ತೆ ತಳಕಲ್

ಊರಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ತಂಗಿಗೆ ಹೇಳಿದೆ, ತಂಗಿ ಓಣಿಗೆ ಹೇಳಿದಳು. ರೇಣುಕಾಳಿಂದ ಆಗಾಗ ಸುದ್ದಿ ಬರುತ್ತಿತ್ತು. ಗಾಳಿಗೆ ಎರಡು ಬಿದ್ದವಂತೆ. ಆ ಬೆಕ್ಕಿನಂಥದ್ದು ಒಂದನ್ನು ತಿಂದಿತಂತೆ, ಬೂಟಿನ ಮೇಲೇ ಕುಳಿತು. ಉಳಿದದ್ದು ಎರಡು. ದಸರಾ ಹತ್ತಿರ ಬಂತು, ಗುಡ್ಡದ ಸೀತಾಫಲ ಕಣ್ಣು ಬಿಟ್ಟು ಹಣ್ಣಾಗತೊಡಗಿದವು. ಹಣ್ಣು ಮಾರುವ ಈರವ್ವ ಬುಟ್ಟಿ ಹೊತ್ತು ನಮ್ಮ ಕಟ್ಟೆಗೇ ಬಂದು ಇಳಿಸುತ್ತಿದ್ದಳು, ಬೇಕೆಂದೇ.

“ದ್ಯಾಮಕ್ಕ, ನಿನ್ನ ಫಾರಿನ್ ಗಿಡ ಇನ್ನೂ ಹಡದಿಲ್ಲೇನ?”

“ದಿನ ತುಂಬ್ಯಾವ. ನಿನ್ನ ಬುಟ್ಟಿ ಆ ಕಡೆ ಇಡು.”

“ಒಂದ ತಿನ್ನಬೇ. ಅಲ್ಲಿ ಗಿಡಕ್ಕ ಹ್ಯಾಂಗ ಗೊತ್ತಾಗತೈತಿ?”

“ನನಗ ಗೊತ್ತಾಗತೈತಿ.”

ಆಕೆ ನನ್ನ ಎದುರೇ ಒಂದನ್ನು ಒಡೆದು ಬೀಜ ಉಗುಳುತ್ತ ಕುಳಿತಳು. ಹದಿನೇಳು ದಿನ ಹೀಗೆ. ನಾನು ಮಧ್ಯಾಹ್ನ ರೊಟ್ಟಿ ತಿಂದೆ.

ಹದಿನೆಂಟನೆಯ ದಿನ ಬೆಳಿಗ್ಗೆ ತಂಗಿ ಮೊಬೈಲು ಹಿಡಿದು ಓಡಿ ಬಂದಳು. ಪರದೆಯ ಮೇಲೆ ಅದೇ ಹಿತ್ತಲು, ಅದೇ ಟೊಪ್ಪಿಗೆಗಳು, ಅಲ್ಲಿ ಆಗ ಸಂಜೆಯಾಗುತ್ತಿತ್ತು. ರೇಣುಕಾ ಮೊಬೈಲನ್ನು ಮೇಜಿನ ಕಡೆ ತಿರುಗಿಸಿದಳು. ತಟ್ಟೆಯಲ್ಲಿ ಒಂದೇ ಹಣ್ಣು, ನನ್ನ ಮುಷ್ಟಿಯಷ್ಟು. ತೊಟ್ಟಿನಲ್ಲಿ ನನ್ನ ಕೆಂಪು ದಾರ ಹಾಗೇ ಇತ್ತು, ಬಣ್ಣ ಹೋಗಿತ್ತು. ಇನ್ನೊಂದು ಏನಾಯಿತು ಎಂದು ಕೇಳಿದೆ. ಹಿಂದಿನ ದಿನ ಜೋನವ್ವ ಒಬ್ಬಳೇ ತಿಂದಳಂತೆ, ಯಾರಿಗೂ ಹೇಳದೆ. ನನಗೆ ಅದು ಇಷ್ಟವಾಯಿತು.

ಹಣ್ಣು ಕೊಯ್ದರು. ಹನ್ನೆರಡು ತುಂಡು, ಹನ್ನೆರಡು ಕಡ್ಡಿ. ಎಲ್ಲರೂ ಕಣ್ಣು ಮುಚ್ಚಿದರು.

“ಏನಂತಾರ?”

“ಏನೂ ಅನ್ನಾಕ ಹತ್ತಿಲ್ಲ, ದೊಡ್ಡವ್ವ. ಸೋಪಿನ ಮುದುಕ ತಟ್ಟಿ ನೆಕ್ಕಾಕ ಹತ್ಯಾನ.”

ಅಷ್ಟು ಸಾಕಾಯಿತು. ಈರವ್ವನ ಬುಟ್ಟಿಗೆ ಕೈ ಹಾಕಿ ಎಲ್ಲಕ್ಕಿಂತ ದೊಡ್ಡದನ್ನು ತೆಗೆದೆ. ಹೆಬ್ಬೆರಳಿನಿಂದ ಒತ್ತಿದೆ, ಎರಡು ಹೋಳಾಯಿತು. ಆ ಮೊದಲ ತುತ್ತಿನ ಬಗ್ಗೆ ಬರೆಯಲು ನನಗೆ ಬರುವ ಅಕ್ಷರ ಸಾಲದು. ಓಣಿಯವರು ನನ್ನ ಬಾಯಿ ನೋಡುತ್ತಿದ್ದರು, ಅಲ್ಲಿಯವರು ಮೊಬೈಲಿನಲ್ಲಿ ನೋಡುತ್ತಿದ್ದರು.

ಆಗ ಜೋನವ್ವ ಎದ್ದಳು. ಮೊಳೆಯಿಂದ ಗರಗಸ ತೆಗೆದಳು. ರೇಣುಕಾಳನ್ನು ಹಿಂದೆ ಬಾ ಎಂದು ಕರೆದು ಗಾಜಿನ ಕೋಣೆಯ ಬಾಗಿಲು ತೆರೆದಳು. ಒಳಗೆ ಆ ಮಾವಿನ ಗಿಡ, ಇನ್ನೂ ಎದೆಯೆತ್ತರವೇ. ಅದರ ಬುಡಕ್ಕೆ ಗರಗಸವನ್ನು ಮೆಲ್ಲಗೆ, ತೊಗಟೆ ನೋಯದ ಹಾಗೆ ಇಟ್ಟಳು. ಪದ್ಧತಿ ಕಲಿತಿದ್ದಳು. ರೇಣುಕಾ ಕಲಿಸಿಕೊಟ್ಟ ಮಾತನ್ನೂ ಹೇಳಿದಳು.

“ಇವತ್ತ ಕಡೀತೀನಿ.”

ಹೇಳಿ, ಮೊಬೈಲಿನ ಕಡೆ ತಿರುಗಿ ನಿಂತಳು. ಕಾಯುತ್ತಿದ್ದಾಳೆ. ಅಲ್ಲಿಯ ಟೊಪ್ಪಿಗೆಗಳೆಲ್ಲ ನನ್ನನ್ನೇ ನೋಡುತ್ತಿವೆ. ಇಲ್ಲಿ ಓಣಿ ನೋಡುತ್ತಿದೆ.

“ಅಕ್ಕ, ಜಾಮೀನು ನಿಲ್ಲು, ಪಾಪ, ಕಾಯಾಕ ಹತ್ಯಾಳ,” ಎಂದಳು ತಂಗಿ.

ನಾನು ಚೈತ್ರವನ್ನು ನೆನೆದೆ. ಕೊಪ್ಪಳದ ಸಂತೆಗೆ ಬರುವ ಕೇಸರ್ ಮಾವು, ಗಂಗಾವತಿಯಿಂದ ಬರುವ ಬೇನಿಶಾ ಮಾವು, ಸೀಕರಣಿ, ಹೋಳಿಗೆ, ಗೊರಟೆ ಚೀಪುವುದು. ಆ ಗಾಜಿನೊಳಗಿನ ಹದಿಮೂರು ವರ್ಷದ ಕಡ್ಡಿಯನ್ನೂ ನೋಡಿದೆ. ಹೂವೇ ಬಿಡದ್ದಕ್ಕೆ ನಾನು ಏನನ್ನು ಕ್ರಾಸ್ ಮಾಡಲಿ? ಉಳಿದರ್ಧ ಸೀತಾಫಲ ಕೈಯಲ್ಲಿತ್ತು. ಅದನ್ನು ಮೊದಲು ತಿಂದು ಮುಗಿಸಿದೆ. ಬಾಯಿ ಒರೆಸಿಕೊಂಡು ಮೊಬೈಲನ್ನು ಹತ್ತಿರ ಹಿಡಿದೆ.

“ಅದನ್ನ ಕಡಿ, ಜೋನವ್ವ.”

ಗಿಡಕ್ಕೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ.